ಐರಿಶ್ ಬ್ರೆಡ್ಡಿಗೆ ಹುಳಿಮಜ್ಜಿಗೆ

6 ಸೆಪ್ಟೆಂಬರ್ 2004, ಸೋಮವಾರ — ಸಂಜೆ

ಮೊದಲನೆಯ ಬ್ರೆಡ್ಡು ಸೋಪು, ಎರಡನೆಯದು ಇಟ್ಟಿಗೆ. ಬೆಂದ ಬ್ರೆಡ್ಡಿನ ತಳವನ್ನು ಬೆರಳಿನಿಂದ ಬಡಿದರೆ ಟೊಳ್ಳು ಶಬ್ದ ಬರಬೇಕು — ಹಾಗೆಂದು ಮ್ಯಾಗಜೀನಿನ ಹಾಳೆಯಲ್ಲಿದೆ. ಇದನ್ನು ಬಡಿದಾಗ ನೋವಾದದ್ದು ಬೆರಳಿಗೆ. ಪಂಚಮಿ ಅಳಲಿಲ್ಲ. ಇಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಸೋತ ಪ್ರಯೋಗವನ್ನು ಹೀಗೆ ನೋಡುವ ಮಕ್ಕಳು ಕಡಿಮೆ. ಇಷ್ಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಬೆರಳೆಣಿಕೆಯಷ್ಟು ಮಂದಿಯನ್ನು ಕಂಡಿದ್ದೇನೆ.

ಎಲ್ಲಿ ತಪ್ಪಾಯಿತೆಂದು ನಾನು ಹೇಳಲಿಲ್ಲ. ಏನೇನು ಮಾಡಿದೆ, ಹೇಳು ಎಂದೆ. ರಾತ್ರಿಯೇ ಮೈದಾ, ಸೋಡ, ಮಜ್ಜಿಗೆ ಕಲಸಿ, ಬಟ್ಟೆ ಮುಚ್ಚಿ, ಒಲೆಯ ಪಕ್ಕ ಇಟ್ಟಿದ್ದಳಂತೆ. ಬೆಳಿಗ್ಗೆಗೆ ಇಡ್ಲಿ ಹಿಟ್ಟಿನ ಹಾಗೆ ಉಬ್ಬಲಿ ಎಂದು. ಹೇಳುತ್ತ ಹೇಳುತ್ತ ತಾನೇ ನಿಲ್ಲಿಸಿದಳು. "ಗ್ಯಾಸ್ ಎಲ್ಲ ರಾತ್ರೀನೇ ಹೋಗಿದೆ, ಅಲ್ವಾ ಟೀಚರ್?"

ಹೋಗಿದೆ. ಸೋಡ ಮತ್ತು ಹುಳಿ ಕೂಡಿದ ಕ್ಷಣದಿಂದಲೇ ಅದರ ಆಯುಷ್ಯ ಶುರು. ಹತ್ತನೆಯ ತರಗತಿಯಲ್ಲಿ ಇವಳಿಗೆ ನಾನೇ ಪಾಠ ಮಾಡಿದ್ದೆ. ಪುಸ್ತಕದ ಪಾಠ ಒಲೆಯವರೆಗೆ ಬರಲು ಐದು ವರ್ಷ ಹಿಡಿಯಿತು. ಪರವಾಗಿಲ್ಲ. ಬಂತಲ್ಲ.

9 ಸೆಪ್ಟೆಂಬರ್, ಗುರುವಾರ

ನಾಗೇಶ ಬಂದಿದ್ದ. ಜೀಪಿನಿಂದ ಇಳಿಯದೆಯೇ ಹಾರ್ನ್ ಹೊಡೆದು ನನ್ನನ್ನು ಗೇಟಿಗೆ ಕರೆಸಿಕೊಂಡ. ಎಂಟನೆಯ ತರಗತಿಯಲ್ಲಿ ಎರಡು ವರ್ಷ ನನ್ನ ಮುಂದೆ ಕುಳಿತವನು. ಹಾರ್ನ್ ಹೊಡೆಯುವುದನ್ನಾದರೂ ಚೆನ್ನಾಗಿ ಕಲಿತಿದ್ದಾನೆ.

ಕಾಫಿ ರೇಟು ಬಿದ್ದಾಗಿನಿಂದ ಈ ಕಡೆಯ ಪ್ಲಾಂಟರುಗಳಿಗೆ ಹೊಸ ಜ್ಞಾನೋದಯವಾಗಿದೆ: ಬಂಗಲೆಯನ್ನು ಹೋಮ್‌ಸ್ಟೇ ಮಾಡುವುದು. ತಪ್ಪೇನಿಲ್ಲ. ಆದರೆ ನಾಗೇಶನಿಗೆ ಬರೀ ಬಂಗಲೆ ಸಾಲದು, ಇತಿಹಾಸವೂ ಬೇಕು. ಗೇಟಿನ ಮೇಲೆ ಬೋರ್ಡು ಹಾಕಿಸಿದ್ದಾನೆ — ಐರಿಶ್ ಹೆರಿಟೇಜ್ ಬಂಗ್ಲೋ, ಸ್ಥಾಪನೆ 1887. ಹಾಲ್‌ನ ಗೋಡೆಯಲ್ಲಿ ಗಿರಿಜಾಮೀಸೆಯ ಬಿಳಿಯನೊಬ್ಬನ ಫೋಟೋ. ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡದ್ದು. ಅವನಿಗೆ ಮಿಸ್ಟರ್ ಪ್ಯಾಟ್ರಿಕ್ ಎಂದು ನಾಮಕರಣವೂ ಆಗಿದೆ. ನೋಡಿದರೆ ರೈಲ್ವೆ ಗಾರ್ಡಿನಂತಿದ್ದಾನೆ ಪಾಪ. ಎಸ್ಟೇಟ್ ಸ್ಥಾಪಿಸಿದ ಐರಿಶ್ ದೊರೆ ಇವನೇ ಅಂತೆ.

ಐರಿಶ್ ದೊರೆಯ ಮನೆಯಲ್ಲಿ ನೀರುದೋಸೆ ಕೊಡಲಾದೀತೇ? ಆದ್ದರಿಂದ ಐರಿಶ್ ಬ್ರೆಡ್ಡು. ದ್ರಾಕ್ಷಿ ಹಾಕಿದ್ದು, ಯೀಸ್ಟ್ ಇಲ್ಲದ್ದು. ನಾಗೇಶನ ಹೆಂಡತಿ ರಕ್ಷಾ ಯಾವುದೋ ವಿದೇಶಿ ಮ್ಯಾಗಜೀನಿನ ಹಾಳೆ ಹರಿದು ಕಳುಹಿಸಿದ್ದಾಳೆ. ಅವಳೇ ಮಾಡಬಹುದಿತ್ತು. ಕ್ಲಬ್ಬಿನ ಕೇಕ್ ಕ್ಲಾಸಿಗೆ ಮೂರು ವರ್ಷ ಹೋದವಳು. ಅಲ್ಲಿ ಕಲಿತದ್ದು ಏಪ್ರನ್ ಕಟ್ಟುವುದನ್ನು ಮಾತ್ರ ಎಂದು ತೋರುತ್ತದೆ.

ನನಗೆ ಇವರ ಇತಿಹಾಸದಿಂದ ಆಗಬೇಕಾದದ್ದು ಏನೂ ಇಲ್ಲ. ಆದರೆ ಅಡುಗೆಮನೆ ನೋಡಿಕೊಳ್ಳಲು ಒಬ್ಬರು ಬೇಕು, ತಿಂಗಳ ಸಂಬಳ, ಬೆಳಿಗ್ಗೆ ಜೀಪು, ಸಂಜೆ ಜೀಪು. ಪಂಚಮಿಗೆ ಆ ಕೆಲಸ ಸಿಗದಿದ್ದರೆ ದೀಪಾವಳಿ ಕಳೆದ ಮೇಲೆ ಸಾಗರದ ಸೋದರತ್ತೆಯ ಮನೆಗೆ. ಹದಿನಾಲ್ಕು ಜನರ ಸಂಸಾರ. ಸಂಬಳವಿಲ್ಲ, ರಜೆಯಿಲ್ಲ, 'ನಮ್ಮ ಹುಡುಗಿ' ಎಂಬ ಬಿರುದು ಮಾತ್ರ ಇದೆ. ಒಮ್ಮೆ ಆ ಅಡುಗೆಮನೆ ಹೊಕ್ಕರೆ ಹೊರಬರುವ ದಾರಿ ಮದುವೆಯೊಂದೇ, ಅದೂ ಇನ್ನೊಂದು ಅಡುಗೆಮನೆಗೆ. ಹುಡುಗಿ ಇದನ್ನೆಲ್ಲ ಒಂದೇ ವಾಕ್ಯದಲ್ಲಿ ಹೇಳಿದ್ದಳು. "ನಂಗೆ ನಂದೇ ಕೆಲ್ಸ ಬೇಕು ಟೀಚರ್."

12 ಸೆಪ್ಟೆಂಬರ್, ಭಾನುವಾರ

ದಾಮೋದರ ಭಟ್ಟರ ಆಗಮನ. ಪಂಚಮಿಯ ತಂದೆ. ಬಣಕಲ್ಲಿನ ಆಚೆ ಒಂದು ಸಣ್ಣ ದೇವಸ್ಥಾನದ ಪೂಜೆ, ಸುತ್ತಲ ನಾಲ್ಕು ಊರಿನ ಗೃಹಪ್ರವೇಶ, ಶ್ರಾದ್ಧ. ಅವರ ಲೋಕಜ್ಞಾನ ಗರ್ಭಗುಡಿಯ ಹೊಸ್ತಿಲಿನಲ್ಲಿ ಪ್ರಾರಂಭವಾಗಿ ಬಾವಿಕಟ್ಟೆಯಲ್ಲಿ ಮುಗಿಯುತ್ತದೆ.

ಒಳಗೆ ಬರಲಿಲ್ಲ. ಮೆಟ್ಟಿಲ ಮೇಲೆ ನಿಂತೇ ವಿಚಾರಣೆ. ಮೊಟ್ಟೆ ಹಾಕುತ್ತೀರಾ? ಇಲ್ಲ. ಹೆಂಡದ ಹುದುಗು? ಇಲ್ಲ. ಹಾಗಾದರೆ ಉಬ್ಬುವುದು ಹೇಗೆ? ಆಮ್ಲ, ಪ್ರತ್ಯಾಮ್ಲ, ಇಂಗಾಲದ ಡೈ ಆಕ್ಸೈಡು ಎಂದು ವಿವರಿಸಿದೆ. ಕಣ್ಣು ಮುಚ್ಚಿ ಕೇಳಿದರು. ನನ್ನ ಮಾತನ್ನೂ ಮಂತ್ರವೆಂದುಕೊಂಡರೋ ಏನೋ. ಮೇಲೆ ಚಾಕುವಿನಿಂದ ಅಡ್ಡ ಉದ್ದ ಯಾಕೆ ಸೀಳುವುದು ಎಂದೂ ಕೇಳಿದರು. ಶಾಖ ನಡುವಿಗೆ ಹೋಗಲು ಎಂದೆ. ಕೊನೆಗೆ ತೀರ್ಪು: "ಮೊಟ್ಟೆ ಮುಟ್ಟೋದಿಲ್ಲ, ಮತ್ತೊಂದು ಮುಟ್ಟೋದಿಲ್ಲ ಅಂತಾದ್ರೆ ಹೋಗ್ಲಿ. ಒಂದು ಸಲ ಹೆಚ್ಚುಕಮ್ಮಿ ಆದ್ರೂ ಸಾಗರಕ್ಕೆ."

ಮಗಳ ಬಾಳನ್ನು ಕೋಳಿಮೊಟ್ಟೆಯ ಮೇಲೆ ನಿಲ್ಲಿಸಿ ಹೋದರು. ಎಂಥ ಜನ.

16 ಸೆಪ್ಟೆಂಬರ್, ಗುರುವಾರ — ಮಧ್ಯಾಹ್ನ

ಬಂತು!

ಮೊದಲನೆಯ ಸಲ ಬ್ರೆಡ್ಡು ಸೋಪಿನಂತಾಗಿತ್ತಲ್ಲ — ಮಜ್ಜಿಗೆ ತೀರ ನೀರು. ನಾವು ಕುಡಿಯುವ ಮಜ್ಜಿಗೆಗೆ ಸೋಡವನ್ನು ತಣಿಸುವಷ್ಟು ಹುಳಿ ಎಲ್ಲಿದೆ? ಮ್ಯಾಗಜೀನಿನವರಿಗೆ ಅದು ಹೇಗೆ ಗೊತ್ತಾಗಬೇಕು, ರಕ್ಷಾಗೆ ಹೇಗೆ ಗೊತ್ತಾಗಬೇಕು. ಪಂಚಮಿ ಈ ಸಲ ಮನೆಯಿಂದ ಎರಡು ದಿನದ ಗಟ್ಟಿ ಮೊಸರನ್ನು ಕಡೆದು, ನೀರು ಬೆರೆಸದೆ ತಂದಳು. ಮೂಸಿದರೆ ಮೂಗು ಹಿಂಡುವಂಥದ್ದು. ಸೋಡ, ಉಪ್ಪು, ಮೈದಾ ಒಟ್ಟಿಗೆ ಜರಡಿ ಹಿಡಿದಳು. ದ್ರಾಕ್ಷಿ ಸೇರಿಸಿದಳು. ನಡುವೆ ಗುಂಡಿ ಮಾಡಿ ಮಜ್ಜಿಗೆ ಸುರಿದು, ಬೆರಳು ಅಗಲಿಸಿ ನಾಲ್ಕು ಸುತ್ತು. ಅಷ್ಟೇ. ಚಪಾತಿ ಹಿಟ್ಟಿನಂತೆ ನಾದಲು ಅವಳ ಕೈ ಹವಣಿಸುತ್ತಿತ್ತು. ಇನ್ನೊಂದು ಕೈಯಿಂದ ಆ ಕೈಯನ್ನು ಹಿಡಿದುಕೊಂಡಳು, ನಿಜವಾಗಿಯೂ.

ಕರೆಂಟು ಕೈಕೊಡಲಿಲ್ಲ. ನನ್ನ ಕರೆಂಟು ಓವನ್ನಿನ ಗಾಜಿನ ಮುಚ್ಚಳದ ಮೂಲಕ ಇಬ್ಬರೂ ನೋಡುತ್ತ ಕುಳಿತೆವು. ಸೀಳು ಮೆಲ್ಲಗೆ ಬಿರಿಯಿತು. ಮೇಲೆ ಕೆಂಪು, ಒರಟು. ಬಡಿದರೆ ಖಾಲಿ ಡಬ್ಬಿಯ ಸದ್ದು.

ಬೆಣ್ಣೆ ಹಚ್ಚಿ ತಿಂದೆವು. ಪಂಚಮಿ ಹೇಳಿದಳು: "ಮಜ್ಜಿಗೆಗೆ ಪುರಸೊತ್ತು ಬೇಕು ಟೀಚರ್, ಹಿಟ್ಟಿಗೆ ಇರ್ಬಾರ್ದು." ಕ್ಲಬ್ಬಿನ ಕೇಕ್ ಕ್ಲಾಸು ನಡೆಸುವ ಹೆಂಗಸರೆಲ್ಲ ಸೇರಿಯೂ ಇಂಥ ಒಂದು ವಾಕ್ಯ ಹುಟ್ಟಿಸಲಾರರು.

24 ಸೆಪ್ಟೆಂಬರ್, ಶುಕ್ರವಾರ

ಗೌರಿ ಗಣೇಶ ಮುಗಿಯಿತು. ಭಾನುವಾರ ಬಂಗಲೆಯಲ್ಲಿ ಪರೀಕ್ಷೆ. ಅದಕ್ಕೆ 'ಟ್ರಯಲ್' ಎಂದು ಹೆಸರು. ಜೊತೆಗೆ ನಾನೂ ಬರುತ್ತೇನೆಂದು ಫೋನಿನಲ್ಲಿ ಹೇಳಿದೆ. ರಕ್ಷಾ ನಕ್ಕಳು. ಹುಡುಗಿ ಒಬ್ಬಳೇ ಬಂದರೆ ಸಾಕಂತೆ. ಟೀಚರ್ ಪಕ್ಕದಲ್ಲಿದ್ದರೆ ಕಾಪಿ ಹೊಡೆದ ಹಾಗಲ್ಲವೇ ಎಂದಳು. ಪರೀಕ್ಷೆಯ ಪಾವಿತ್ರ್ಯದ ಬಗ್ಗೆ ನನಗೆ ಪಾಠ ಹೇಳುವ ಮಹಾನುಭಾವೆ.

ಸಾಮಾನೆಲ್ಲ ತಾವೇ ಇಡುತ್ತಾರಂತೆ. ಮಜ್ಜಿಗೆ ಮಾತ್ರ ನೀನೇ ಒಯ್ಯಬೇಕು ಎಂದು ಪಂಚಮಿಗೆ ಹೇಳಿದ್ದೇನೆ.

27 ಸೆಪ್ಟೆಂಬರ್, ಸೋಮವಾರ

ಗೆದ್ದು ಬಂದಿದ್ದಾಳೆ. ನಾಗೇಶ ಮೂರು ತುಂಡು ತಿಂದನಂತೆ. ಕೆಲಸ ಖಾತ್ರಿ, ಮುಂದಿನ ತಿಂಗಳಿನಿಂದ ಬರಬೇಕು. ದಿನವಿಡೀ ದುಡಿದದ್ದಕ್ಕೆ ಕೂಲಿ? ಉಳಿದ ಅರ್ಧ ಬ್ರೆಡ್ಡನ್ನು ಪೇಪರಿನಲ್ಲಿ ಸುತ್ತಿ ಕೊಟ್ಟರಂತೆ. ದೊಡ್ಡವರ ಔದಾರ್ಯ. ಅವಳೇ ಮಾಡಿದ ಬ್ರೆಡ್ಡನ್ನು ಅವಳಿಗೇ ದಾನ ಮಾಡಿದ ಪುಣ್ಯಾತ್ಮರು.

ಹುಡುಗಿಗೆ ಬೇಸರವಿಲ್ಲ. ಅವರ ಮನೆಯಲ್ಲಿ ಮೊದಲ ಗಳಿಕೆ ಏನೇ ಇರಲಿ, ದೇವರ ಮುಂದೆ ಇಡುವ ಪದ್ಧತಿಯಂತೆ. ಅಣ್ಣ ಪ್ರಸಾದನ ಮೊದಲ ಸಂಬಳವನ್ನೂ ಇಟ್ಟಿದ್ದರಂತೆ. ಹಾಗಾಗಿ ತಾಯಿ ಅರ್ಧ ಬ್ರೆಡ್ಡನ್ನು ಬಾಳೆಎಲೆಯ ಮೇಲಿಟ್ಟು ದೇವರ ಮುಂದಿಟ್ಟರು. ಬೇರೆಯವರ ಅಡುಗೆಮನೆಯದು ಎಂದು ಭಟ್ಟರು ಮೊದಲು ಮುಖ ಗಂಟಿಕ್ಕಿದರಂತೆ, ಆಮೇಲೆ ಮಗಳ ಮುಖ ನೋಡಿ ಆರತಿ ಎತ್ತಿದರಂತೆ. ಎಲ್ಲರಿಗೂ ಒಂದೊಂದು ಚೂರು. ಅಜ್ಜಿ ಶಂಕರಮ್ಮ ಎರಡು ತಿಂದು, ಇದರಲ್ಲಿ ದ್ರಾಕ್ಷಾರಿಷ್ಟದ ಪರಿಮಳವಿದೆ, ಮೈಗೆ ಒಳ್ಳೆಯದು ಎಂದರಂತೆ.

ದ್ರಾಕ್ಷಾರಿಷ್ಟ? ನನ್ನ ದ್ರಾಕ್ಷಿಗೆ ಆ ಪರಿಮಳ ಇರಲಿಲ್ಲವಲ್ಲ ಎಂದೆ. "ಅವ್ರ ದ್ರಾಕ್ಷಿ ಬೇರೆ ಟೀಚರ್. ದೊಡ್ಡ ಜಾರಲ್ಲಿ ಕಪ್ಪು ರಸದಲ್ಲಿ ನೆನೆಸಿಟ್ಟಿದ್ರು. ಆಯುರ್ವೇದದ್ದು ಇರ್ಬೇಕು."

ಆ ಕಪ್ಪು ರಸದ ಮೇಲೆ ನನಗೆ ಆಗಲೇ ಅನುಮಾನ ಬಂತು. ಹೇಳಲಿಲ್ಲ. ಹುಡುಗಿ ಅಷ್ಟು ಖುಷಿಯಲ್ಲಿದ್ದಳು.

30 ಸೆಪ್ಟೆಂಬರ್, ಗುರುವಾರ — ರಾತ್ರಿ 8

ನೆನೆಸಿದಂತೆಯೇ ಆಯಿತು. ನಿನ್ನೆ ಕೆಲಸದ ವಿಷಯ ಮಾತಾಡಲು ಪಂಚಮಿ ಬಂಗಲೆಗೆ ಹೋಗಿದ್ದಾಳೆ. ಜಾರಿನಲ್ಲಿರುವುದು ಯಾವ ಅರಿಷ್ಟ ಎಂದು ಕೇಳಿದ್ದಾಳೆ. ರಕ್ಷಾ ಬಿದ್ದು ಬಿದ್ದು ನಕ್ಕಳಂತೆ. ಗಂಡನನ್ನು ಕರೆದು, "ಇವ್ಳು ನಿಮ್ ರಮ್ಮಿಗೆ ಅರಿಷ್ಟ ಅಂತಾಳೆ ನೋಡಿ" ಎಂದಳಂತೆ. ಕ್ರಿಸ್‌ಮಸ್ ಕೇಕಿಗೆಂದು ಆಗಸ್ಟಿನಿಂದ ರಮ್ಮಿನಲ್ಲಿ ಮುಳುಗಿಸಿಟ್ಟ ದ್ರಾಕ್ಷಿ. ಕ್ರಿಸ್ತನಿಗೂ ಇವರಿಗೂ ಏನು ಸಂಬಂಧವೋ. ಕ್ಲಬ್ಬಿನಲ್ಲಿ ಎಲ್ಲರೂ ನೆನೆಸುತ್ತಾರೆ, ಆದ್ದರಿಂದ ಇವರೂ ನೆನೆಸುತ್ತಾರೆ.

ಇಂದು ಮಧ್ಯಾಹ್ನ ಬಂದವಳು ಬಾಗಿಲ ಹಿಂದೆ ನಿಂತುಬಿಟ್ಟಳು. ಅಲ್ಲಿಂದಲೇ ಒಂದೊಂದಾಗಿ ಹೇಳಿದಳು. ದೇವರ ಮುಂದೆ ಇಟ್ಟದ್ದು. ಅಪ್ಪ ಆರತಿ ಎತ್ತಿದ್ದು. ಎಂಬತ್ತರ ಅಜ್ಜಿ ತಿಂದದ್ದು.

ಸಮಾಧಾನ ಹೇಳಿದೆ. ಮದ್ಯಸಾರ ಎಪ್ಪತ್ತೆಂಟು ಡಿಗ್ರಿಗೆ ಕುದಿಯುತ್ತದೆ, ಓವನ್ನಿನ ಶಾಖಕ್ಕೆ ಬಹುಪಾಲು ಆವಿಯಾಗಿದೆ ಎಂದೆ. "ಪೂರ್ತಿ?" ಎಂದಳು. ಪೂರ್ತಿಯಲ್ಲ. ಸುಳ್ಳು ಹೇಳಲಾಗಲಿಲ್ಲ. ಇನ್ನೊಂದು ವಾದ ಹೂಡಿದೆ: ನಿಮ್ಮಜ್ಜಿ ದಿನವೂ ಊಟವಾದ ಮೇಲೆ ಕುಡಿಯುವ ಅರಿಷ್ಟದಲ್ಲಿಯೂ ಮದ್ಯಸಾರ ಹುಟ್ಟಿರುತ್ತದೆ, ಸೀಸೆಯ ಚೀಟಿ ಓದು. ಅವಳು ಒಪ್ಪಲಿಲ್ಲ. ಅದು ಔಷಧಿ, ಗೊತ್ತಿದ್ದು ಕುಡಿಯುವುದು. ಇದು ಗೊತ್ತಿಲ್ಲದೆ ತಿನ್ನಿಸಿದ್ದು ಎಂದಳು.

ಹೇಳಬೇಡ, ಸುಮ್ಮನಿರು, ಯಾರಿಗೂ ಏನೂ ಆಗಿಲ್ಲ ಎನ್ನಲು ಬಾಯಿಗೆ ಬಂದಿತ್ತು. ಹೇಳಿದರೆ ಸಾಗರ. ಭಟ್ಟರ ತೀರ್ಪು ಮೊದಲೇ ಆಗಿದೆಯಲ್ಲ — ಒಂದು ಸಲ ಹೆಚ್ಚುಕಮ್ಮಿ ಆದರೂ.

"ಹೇಳ್ತೀನಿ ಟೀಚರ್. ಅಪ್ಪ ಬೆಳಿಗ್ಗೆ ಬೆಳಿಗ್ಗೆ ಅದೇ ದೇವ್ರ ಮುಂದೆ ಕೂತ್ಕೊಳ್ತಾರೆ. ನಾನು ನೋಡ್ತಾ ಇರ್ಬೇಕಲ್ಲ."

ಹೋದಳು. ರಕ್ಷಾಳ ನಗುವೊಂದಕ್ಕೆ ಈ ಹುಡುಗಿ ತೆರುವ ಬೆಲೆ. ಆ ಹೆಂಗಸಿಗೆ ಇದು ಒಂದು ವಾರದ ಕ್ಲಬ್ಬಿನ ಹರಟೆಗೆ ಸಾಮಗ್ರಿ.

3 ಅಕ್ಟೋಬರ್, ಭಾನುವಾರ

ಸುದ್ದಿಯಿಲ್ಲ.

5 ಅಕ್ಟೋಬರ್, ಮಂಗಳವಾರ

ಹೂ ತರುವ ಬಸಮ್ಮ ಹೇಳಿದಳು — ಭಟ್ಟರು ಒಂದು ದಿನ ಪೂರ್ತಿ ಉಪವಾಸ, ಜನಿವಾರ ಬದಲಿಸಿದರು, ದೇವರಕೋಣೆಗೆ ಗಂಜಳ ಚಿಮುಕಿಸಿದರು. ಮಗಳೊಡನೆ ಮಾತಿಲ್ಲ. ಸಾಗರಕ್ಕೆ ಫೋನು ಹೋಗಿದೆಯಂತೆ.

ನಿರೀಕ್ಷಿಸಿದ್ದೇ. ಎಂಟು ಒಣದ್ರಾಕ್ಷಿಗೆ ದೇವರು ಓಡಿಹೋಗುವುದಾದರೆ ಅಂಥ ದೇವರಿಗೆ ಇಷ್ಟು ವರ್ಷ ಗಂಟೆ ಬಾರಿಸಿದ್ದು ದಂಡ. ಕಲಿಯುವ ಮಕ್ಕಳ ಸುತ್ತ ಇರುವವರು ಎರಡೇ ಬಗೆ: ತಮಾಷೆಗೆ ಅವರನ್ನು ಬೀಳಿಸುವವರು, ಬಿದ್ದದ್ದಕ್ಕೆ ಅವರನ್ನು ಶಿಕ್ಷಿಸುವವರು. ಬಂಗಲೆಯಲ್ಲಿ ಮೊದಲನೆಯವರು, ಅಗ್ರಹಾರದಲ್ಲಿ ಎರಡನೆಯವರು. ನಡುವೆ ನಾನು — ಗಾಜಿನ ಮುಚ್ಚಳ ಒರೆಸಿಕೊಂಡು.

ಓವನ್ನನ್ನು ಅಟ್ಟಕ್ಕೆ ಹಾಕಬೇಕು. ಹಾಕಲಿಲ್ಲ.

10 ಅಕ್ಟೋಬರ್, ಭಾನುವಾರ — ಬೆಳಿಗ್ಗೆ 11

ಭಟ್ಟರು ಬಂದು ಈಗ ತಾನೇ ಹೋದರು. ಬರೆಯದೆ ಕೈ ನಿಲ್ಲುತ್ತಿಲ್ಲ.

ಜಗಳಕ್ಕೆ ನಾನು ಸಿದ್ಧಳಾಗಿದ್ದೆ. ವಾಕ್ಯಗಳನ್ನು ಮೂರು ದಿನದಿಂದ ಜೋಡಿಸಿಟ್ಟಿದ್ದೆ. ಅವರು ಮೆಟ್ಟಿಲ ಮೇಲೆ ನಿಲ್ಲಲಿಲ್ಲ. ಒಳಗೆ ಬಂದು ಬೆಂಚಿನ ಮೇಲೆ ಕುಳಿತರು. ಕಾಫಿ ಕುಡಿಯುತ್ತೀರಾ ಎಂದೆ, ಬೇಡ ಎಂದರು. ಆಮೇಲೆ, "ಟೀಚರ್, ನಿಮಗೊಂದು ವಿಷ್ಯ ಗೊತ್ತಿರ್ಲಿ. ಎರಡನೇ ಚೂರು ನಾನೇ ಕೇಳಿ ಇಸ್ಕೊಂಡಿದ್ದೆ" ಎಂದರು.

ನನ್ನ ವಾಕ್ಯಗಳಲ್ಲಿ ಒಂದೂ ಇದಕ್ಕೆ ಹೊಂದಲಿಲ್ಲ.

ಅವರೇ ಮುಂದುವರಿಸಿದರು. ಮಾಡಬೇಕಾದ್ದನ್ನೆಲ್ಲ ಮಾಡಿ ಮುಗಿಸಿದ್ದಾರೆ. ಅದು ಅವರಿಗೂ ದೇವರಿಗೂ ಸೇರಿದ್ದು, ಅದರಲ್ಲಿ ಹುಡುಗಿಯ ತಪ್ಪೇನಿಲ್ಲ. ಸಾಗರಕ್ಕೆ ಫೋನು ಮಾಡಿದ್ದು ನಿಜ. ತಂಗಿ ಕೂಡಲೇ ಕಳುಹಿಸು ಎಂದಳಂತೆ. ಅಲ್ಲಿ ಅಡುಗೆಗೆ ಜನವಿಲ್ಲ ಎಂದಳೇ ಹೊರತು ಹುಡುಗಿ ಹೇಗಿದ್ದಾಳೆ ಎನ್ನಲಿಲ್ಲ. ಫೋನು ಇಟ್ಟ ಮೇಲೆ ನಾಲ್ಕು ದಿನ ಯೋಚಿಸಿದರಂತೆ.

"ಅವ್ಳು ಹೇಳದೆ ಇದ್ದಿದ್ರೆ ನಂಗೆ ಈ ಜನ್ಮದಲ್ಲಿ ಗೊತ್ತಾಗ್ತಿರ್ಲಿಲ್ಲ. ಸಾಗರದಲ್ಲಿ ಏನು ನಡೆದ್ರೂ ನಂಗೆ ಹೇಳೋರು ಯಾರು? ಇಲ್ಲಾದ್ರೆ ಸಂಜೆ ಮನೆಗೆ ಬರ್ತಾಳೆ. ಬಂದು ಹೇಳ್ತಾಳೆ."

ಕೆಲಸಕ್ಕೆ ಹೋಗಲಿ ಎಂದರು. ದ್ರಾಕ್ಷಿ ಮನೆಯಿಂದಲೇ ಒಯ್ಯಬೇಕು. ಆ ಅಡುಗೆಮನೆಯನ್ನು ಅವರು ಒಂದು ಸಲ ಕಣ್ಣಾರೆ ನೋಡಬೇಕು. ಇಷ್ಟೇ. ಎದ್ದು ಬಾಗಿಲವರೆಗೆ ಹೋದವರು ತಿರುಗಿ, ಸ್ವಲ್ಪ ನಾಚಿಕೊಂಡೇ ಕೇಳಿದರು: ಆ ಪರಿಮಳಕ್ಕೆ ಬದಲಾಗಿ ಬೇರೆ ಏನನ್ನಾದರೂ ಹಾಕಲು ಬರುತ್ತದೆಯೇ?

ನನಗೆ ತೋಚಲಿಲ್ಲ. (ರಾತ್ರಿ ಸೇರಿಸಿದ್ದು:) ಸಂಜೆ ಪಂಚಮಿಗೆ ತೋಚಿತು. ಬೆಲ್ಲ ಕರಗಿಸಿದ ಕಾಫಿ ಡಿಕಾಕ್ಷನ್ನಿನಲ್ಲಿ ದ್ರಾಕ್ಷಿ ನೆನೆಸಿದ್ದಾಳೆ.

24 ಅಕ್ಟೋಬರ್, ಭಾನುವಾರ — ಸಂಜೆ 7

ನವರಾತ್ರಿ ಮುಗಿದು ಭಟ್ಟರಿಗೆ ಬಿಡುವಾಯಿತು. ನಾಗೇಶನಿಗೆ ಮೊದಲ ಅತಿಥಿಗಳು ಸಿಕ್ಕರು. ಎರಡೂ ಇವತ್ತೇ ಕೂಡಿಬಂತು. ಬೆಂಗಳೂರಿನ ಟ್ರಾವೆಲ್ ಏಜೆಂಟನೊಬ್ಬ ವಿದೇಶಿ ಗಂಡಹೆಂಡಿರನ್ನು ಕರೆತಂದಿದ್ದ. ಐರಿಶರಲ್ಲ, ಡಚ್ಚರು. ಐರಿಶ್ ಬ್ರೆಡ್ಡಿನ ವಿಷಯದಲ್ಲಿ ನಾಗೇಶನಿಗೆ ಗೊತ್ತಿದ್ದಷ್ಟೇ ಅವರಿಗೂ ಗೊತ್ತಿತ್ತು.

ಪಂಚಮಿ ಬೆಳಿಗ್ಗೆಯೇ ಹೋಗಿದ್ದಳು. ಭಟ್ಟರೂ ನಾನೂ ಮೂರು ಗಂಟೆಗೆ ನಡೆದು ಹೋದೆವು. ಅವರು ಅಡುಗೆಮನೆ ನೋಡಿದರು. ಫ್ರಿಜ್ಜು ತೆಗೆಸಿ ನೋಡಿದರು. ಮಗಳಿಗೆ ಬೇರೆ ಕಟ್ಟೆ, ಬೇರೆ ಪಾತ್ರೆ, ಜಾರು ಕಣ್ಣಿಗೆ ಬೀಳದಲ್ಲಿ — ರಕ್ಷಾ ಎಲ್ಲದಕ್ಕೂ ಹೂಂ ಎಂದಳು. ಅತಿಥಿಗಳೆದುರು ಅವಳ ವಿನಯ ನೋಡಬೇಕಿತ್ತು. ಕಾರ್ಯಕ್ರಮ ಮುಗಿಯುವವರೆಗೆ ಬಾಡಿಗೆಗೆ ತಂದಂತಿತ್ತು.

ಬ್ರೆಡ್ಡು ಚೆನ್ನಾಗಿ ಬಂದಿತ್ತು. ಒಳಗೆ ಕಾಫಿ ಬಣ್ಣದ ದ್ರಾಕ್ಷಿ. ನಾಗೇಶ ಅದನ್ನು ತಾನೇ ಕತ್ತರಿಸುತ್ತ ಇಂಗ್ಲಿಷಿನಲ್ಲಿ ಭಾಷಣ ಶುರು ಮಾಡಿದ. ಇದು ಮಿಸಸ್ ಪ್ಯಾಟ್ರಿಕ್ಕಳ ಕೈಯಿಂದ ಈ ಮನೆಗೆ ಇಳಿದುಬಂದದ್ದು. ಗೋಡೆಯ ಮೇಲಿರುವವರು ಅವಳ ಗಂಡ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತ ಭಟ್ಟರು ಕಣ್ಣಿಗೆ ಬಿದ್ದರು. ಕಚ್ಚೆ ಪಂಚೆ, ವಿಭೂತಿ, ಜುಟ್ಟು — ಹೆರಿಟೇಜು ತಾನಾಗಿ ಬಂದು ಕುಳಿತಿರುವಾಗ ಬಿಡುವನೇ? ಐರಿಶರ ಕಾಲದಿಂದಲೂ ಈ ಎಸ್ಟೇಟಿನ ಪುರೋಹಿತ ಮನೆತನ ಎಂದುಬಿಟ್ಟ.

ಡಚ್ ಹೆಂಗಸಿಗೆ ಬಹಳ ಕುತೂಹಲ. ಇವರು ಆ ದೊರೆಯನ್ನು ನೋಡಿದ್ದರೇ ಎಂದು ಕೇಳಿದಳು. ಕೇಳಿದ್ದು ಪಂಚಮಿಯನ್ನು, ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸುವವಳು ಅವಳೇ ಆಗಿದ್ದಳು. ಅವಳು ಅದನ್ನು ಇದ್ದಂತೆಯೇ ಅಪ್ಪನನ್ನು ಕೇಳಿದಳು. ಭಟ್ಟರು ಎದ್ದು ಬಂದು ಫೋಟೋ ನೋಡಿದರು.

"ಯಾರಿದು? ಈ ಮನೆ ಗೃಹಪ್ರವೇಶ ಮಾಡ್ಸಿದ್ದು ನಮ್ಮಪ್ಪ. ಆಗ ನಂಗೆ ಹತ್ತು ವರ್ಷ, ಮಾವಿನ ಸೊಪ್ಪು ಹೊತ್ಕೊಂಡು ಬಂದಿದ್ದೆ. ಇವ್ರ ತಾತ ಲಕ್ಕೇಗೌಡ್ರು ಕಟ್ಟಿಸಿದ್ದು. ಮಾಡಿಗೆ ಹೆಂಚು ಹಾಕೋವಾಗ ತಾವೇ ಏಣಿ ಹತ್ತಿದ್ರಂತೆ. ಇದೇ ಜಗಲೀಲಿ ಕೂತು ಆರು ಹೋಳಿಗೆ ತಿಂದಿದೀನಿ. ಈ ಮೀಸೆ ಎಲ್ಲಿತ್ತು ಆಗ?"

ನಾಗೇಶ ತಗ್ಗಿದ ದನಿಯಲ್ಲಿ, ನಗುಮುಖ ಇಳಿಸದೆಯೇ ಹೇಳಿದ: "ಪಂಚಮಿ, ಅದೆಲ್ಲ ಬೇಡ ಮಾರಾಯ್ತಿ. ಹೌದಂತೆ, ನೋಡಿದ್ರಂತೆ ಅನ್ನು, ಸಾಕು."

ಅವಳು ನನ್ನ ಕಡೆ ನೋಡಿದಳು. ನಾನು ತಲೆ ಅಲ್ಲಾಡಿಸಲಿಲ್ಲ. ಹೌದು ಎಂದೂ ಅಲ್ಲ, ಬೇಡ ಎಂದೂ ಅಲ್ಲ. ಕೆಲಸ ಅವಳದು.

ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು. ಚಿಕ್ಕ ಚಿಕ್ಕ ವಾಕ್ಯ, ಪ್ರತಿಯೊಂದಕ್ಕೂ ಕರ್ತೃ, ಕ್ರಿಯಾಪದ. ಈ ಮನೆಯನ್ನು ಸರ್ ಅವರ ತಾತ ಕಟ್ಟಿಸಿದರು. ಅವರ ಹೆಸರು ಲಕ್ಕೇಗೌಡ. ಪೂಜೆ ಮಾಡಿಸಿದ್ದು ನನ್ನ ತಾತ. ಫೋಟೋದಲ್ಲಿರುವವರು ಯಾರೆಂದು ನನ್ನ ತಂದೆಗೆ ಗೊತ್ತಿಲ್ಲ.

ಏಜೆಂಟ್ ಕೆಮ್ಮಿದ. ಡಚ್ ಗಂಡಸು ತನ್ನ ಬ್ರೆಡ್ಡು ಮುಗಿಸಿ, ಹಾಗಾದರೆ ಲಕ್ಕೇಗೌಡರ ಫೋಟೋ ಎಲ್ಲಿದೆ ಎಂದು ಕೇಳಿದ. ನಾಗೇಶ ಬ್ರೆಡ್ಡಿನ ಚಾಕು ಒರೆಸತೊಡಗಿದ. ಕೊನೆಗೆ ರಕ್ಷಾಳೇ, ಗೋಡೌನಿನಲ್ಲಿ ಕಾಫಿ ಮೂಟೆಗಳ ಹಿಂದೆ ಎಂದಳು. ಮೀಸೆಯವನಿಗೆ ಮೊಳೆ ಬೇಕಾಗಿತ್ತಲ್ಲ, ತಾತನನ್ನು ಇಳಿಸಿದ್ದರು. ಅತಿಥಿಗಳು ನೋಡಲೇಬೇಕೆಂದರು. ನಾಗೇಶ ಟಾರ್ಚು ಹಿಡಿದು ಗೋಡೌನಿಗೆ ಹೋದ. ಮೊಮ್ಮಗನೊಬ್ಬ ತನ್ನ ತಾತನನ್ನು ಮೂಟೆಗಳ ಸಂದಿಯಿಂದ ಎಳೆಯುವ ದೃಶ್ಯ ನೋಡಲು ನಾನು ನಿಲ್ಲಲಿಲ್ಲ. ನೋಡಬೇಕೆಂಬ ಆಸೆ ಇರಲಿಲ್ಲವೆಂದಲ್ಲ.

ಹಿಂದಿರುಗಲು ಜೀಪು ಕೊಡಲಿಲ್ಲ. ಮೂವರೂ ನಡೆದೆವು. ತಿರುವಿನ ಬಳಿ ಭಟ್ಟರು ಮಗಳನ್ನು ಕೇಳಿದರು: "ಹೋಳಿಗೆ ವಿಷ್ಯ ಹೇಳಿದ್ಯಾ?"

"ಇಲ್ಲ ಅಪ್ಪ."

"ಅದನ್ನ ಹೇಳ್ಬೇಕಿತ್ತು."

ಸ್ವಲ್ಪ ದೂರ ಹೋದ ಮೇಲೆ ಪಂಚಮಿ ನನಗೆ ಮಾತ್ರ ಕೇಳುವಂತೆ ಹೇಳಿದಳು, "ಕೆಲ್ಸ ಹೋಯ್ತು ಅನ್ಸುತ್ತೆ ಟೀಚರ್." ದನಿಯಲ್ಲಿ ಅಳುವಿರಲಿಲ್ಲ. ಎರಡನೆಯ ಬ್ರೆಡ್ಡು ನೋಡಿದಾಗಿನ ಹಾಗೆಯೇ ಇತ್ತು. ನಾಳೆಯಿಂದ ದಿನವೂ ಆರೂವರೆಗೆ ನಮ್ಮ ಗೇಟಿಗೆ ಜೀಪು ಎಂದು ಮಾತಾಗಿತ್ತು. ಸುಮ್ಮನೆ ಬಂದು ನಿಲ್ಲು ಎಂದೆ. ಮಜ್ಜಿಗೆ ತೆಗೆದುಕೊಂಡೇ ಬಾ ಎಂದೆ.

25 ಅಕ್ಟೋಬರ್, ಸೋಮವಾರ — ಬೆಳಿಗ್ಗೆ 7

ಆರು ಗಂಟೆಗೇ ಬಂದು ನಿಂತಿದ್ದಳು. ಕೈಯಲ್ಲಿ ಮಜ್ಜಿಗೆಯ ಹಿಡಿಕೆಪಾತ್ರೆ. ಭಟ್ಟರು ರಸ್ತೆಯ ಆಚೆ ಮರದ ಕೆಳಗೆ, ಬೇರೆ ಏನೋ ಕೆಲಸಕ್ಕೆ ಬಂದವರಂತೆ. ಆರೂವರೆಯಾಯಿತು. ಧರ್ಮಸ್ಥಳದ ಬಸ್ಸು ಹೋಯಿತು. ಹಾಲಿನ ವ್ಯಾನು ಹೋಯಿತು. ಪಂಚಮಿ ಪಾತ್ರೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತಿದ್ದಳು. ನಾನು ಗೇಟಿನ ಚಿಲಕವನ್ನು ಒರೆಸುತ್ತ ನಿಂತಿದ್ದೆ. ಅದಕ್ಕೆ ಒರೆಸುವ ಅಗತ್ಯವಿರಲಿಲ್ಲ.

ಮುಕ್ಕಾಲಿಗೆ ಜೀಪು ಬಂತು. ಡ್ರೈವರನಲ್ಲ, ನಾಗೇಶನೇ. ಹಾರ್ನ್ ಹೊಡೆಯಲಿಲ್ಲ. ಹಿಂದಿನ ಸೀಟಿನಲ್ಲಿ ಗೇಟಿನ ಬೋರ್ಡು ಮಗುಚಿ ಬಿದ್ದಿತ್ತು. ಮೂಡಿಗೆರೆಯ ಪೇಂಟರನ ಬಳಿಗೆ ಹೊರಟಿದ್ದಾನೆ.

ಪಂಚಮಿ ಹತ್ತಿ ಕುಳಿತಳು. ಅವನು ನನ್ನ ಕಡೆ ತಿರುಗಿ, ರಾತ್ರಿಯೆಲ್ಲ ಯೋಚಿಸಿದೆ ಎಂದ. ಇಷ್ಟು ವರ್ಷಗಳಲ್ಲಿ ಮೊದಲ ಸಲ. ಅತಿಥಿಗಳು ತಾತನ ಫೋಟೋದ ಜೊತೆ ನಿಂತು ಫೋಟೋ ತೆಗೆಸಿಕೊಂಡರಂತೆ, ಇನ್ನೆರಡು ದಿನ ಇರುತ್ತಾರಂತೆ. ಐರಿಶ್ ಎಲ್ಲ ಬೇಡ ಎಂದು ತೀರ್ಮಾನವಾಗಿದೆ. ಹೊಸ ಹೆಸರು ಲಕ್ಕೇಗೌಡ್ಸ್ ಬಂಗ್ಲೋ.

"ಈ ಬ್ರೆಡ್ಡು ನಮ್ ತಾತಂದೇ ಅಂತ ಹೇಳೋದು ಟೀಚರ್. ಅವ್ರು ದಿನಾ ಇದನ್ನೇ ತಿನ್ತಿದ್ರು ಅಂತ."

ಲಕ್ಕೇಗೌಡರು! ಅಕ್ಕಿರೊಟ್ಟಿ ಬಿಟ್ಟು ಬೇರೆ ತಿಂಡಿಯನ್ನು ತಿಂಡಿಯೆಂದೇ ಒಪ್ಪದಿದ್ದ ಮನುಷ್ಯ. ಒಂದು ಸುಳ್ಳನ್ನು ಇಳಿಸಿದ ಮೊಳೆಗೇ ಇನ್ನೊಂದನ್ನು ತೂಗುಹಾಕುವ ಈ ಪ್ರತಿಭೆಯನ್ನು ಎಂಟನೆಯ ತರಗತಿಯಲ್ಲಿ ನಾನು ಗುರುತಿಸಲೇ ಇಲ್ಲ. ಏನಾದರೂ ಅನ್ನಬೇಕೆಂದು ಬಾಯಿ ತೆರೆದೆ. ಪಂಚಮಿ ಮೊದಲು ಮಾತಾಡಿದಳು. ದನಿ ಏರಿಸಲಿಲ್ಲ.

"ಸರ್, ಯಾರಾದ್ರೂ ಕೇಳಿದ್ರೆ ನಾನು ಹೌದು ಅನ್ನಲ್ಲ. ಟೀಚರ್ ಮನೇಲಿ ಕಲ್ತಿದ್ದು ಅಂತೀನಿ. ಈಗ್ಲೇ ಹೇಳ್ತಿದೀನಿ. ಬರ್ಲಾ, ಇಳೀಲಾ?"

ಇಂಜಿನ್ ಓಡುತ್ತಲೇ ಇತ್ತು. ನಾಗೇಶ ಎರಡೂ ಕೈಗಳನ್ನು ಸ್ಟೀರಿಂಗಿನ ಮೇಲಿಟ್ಟು ರಸ್ತೆ ನೋಡಿದ. ಆಚೆ ಮರದ ಕೆಳಗಿದ್ದ ಭಟ್ಟರನ್ನು ನೋಡಿದ. ಭಟ್ಟರು ಆಕಾಶ ನೋಡಿದರು. ಹುಡುಗಿ ಒಂದು ಕಾಲನ್ನು ಹೊರಗಿಟ್ಟೇ ಕುಳಿತಿದ್ದಳು.

"ಕಾಲು ಒಳಗಿಡು" ಎಂದ. "ಮಜ್ಜಿಗೆ ಚೆಲ್ಲುತ್ತೆ, ಸರಿಯಾಗಿ ಹಿಡ್ಕೊ." ಗೇರು ಹಾಕಿದ.

ಜೀಪು ತಿರುವು ದಾಟುವವರೆಗೆ ನಿಂತಿದ್ದೆ. ಮೂರ್ಖ. ಎಂಟನೆಯ ತರಗತಿಯಲ್ಲಿ ಒಂದು ಸಲ ಫೇಲ್ ಮಾಡಿದ್ದು ಸರಿಯಾಗಿಯೇ ಇತ್ತು. ಆದರೂ ಇವತ್ತು ಗೇಟಿನಲ್ಲಿ ಆ ನಾಗೇಶ ಒಂದು ಪ್ರಶ್ನೆಗಾದರೂ ಸರಿಯುತ್ತರ ಕೊಟ್ಟ.